ಚಪ್ಪಡಿಯ ಕೆಳಗೆ

"ಬಿದ್ಮೇಲೆ ಬಂದು ಹೇಳೇ ಮುಂಡೆ! ಇನ್ನೂ ಬೀಳ್ದೇ ಇರೋ ಚಪ್ಪಡಿಗ್ಯಾಕೆ ಹಿಂಗೆ ಬಾಯಿ ಬಡ್ಕೊಂತೀಯ?"

ಅಮರೇಶಪ್ಪ ಇದನ್ನು ಹೇಳಿದ್ದು ಬೀದಿಯಲ್ಲಿ, ಬೇವಿನ ಮರದಡಿ ನಿಂತು. ಹಿಂದೂಪುರದಲ್ಲಿ ಅವನದೊಂದು ಹುಣಸೆ ಮಂಡಿ. ಮಂಡಿಯ ಹಿಂದಿನ ಕಲ್ಲುಚಪ್ಪಡಿಯ ಮನೆಗಳೂ ಅವನವೇ. ಅದರಲ್ಲೊಂದರಲ್ಲಿದ್ದ ಚೌಡಕ್ಕನ ಕೈಯಿಂದ ಬಾಡಿಗೆ ಈಸಿಕೊಳ್ಳುವುದಕ್ಕೆ ಅವನಿಗೆ ಮೈಲಿಗೆಯಿಲ್ಲ, ಅವಳ ಹೊಸ್ತಿಲು ದಾಟುವುದಕ್ಕೆ ಮಾತ್ರ ಇದೆ. ಅವಳ ಸೂರಿನ ಚಪ್ಪಡಿ ಬಿರುಕು ಬಿಟ್ಟು ಮೂರು ವರ್ಷವಾಗಿತ್ತು. ಆ ಬಿರುಕು ಒಳಗಿನಿಂದ ಮಾತ್ರ ಕಾಣುತ್ತಿತ್ತು. ಹಾಗಾಗಿ ಅಮರೇಶಪ್ಪನ ಪಾಲಿಗೆ ಅದು ಇರಲೇ ಇಲ್ಲ.

"ಒಂದ್ಸಲ ಒಳಿಕ್ಕೆ ಬಂದು ನೋಡಿ ಸಾಮಿ."

"ಥೂ, ನಿನ್ನ ಮನೆ ಒಳಿಕ್ಕೆ ನಾನಾ?"

ಚೌಡಕ್ಕ ಫೋನಿನಲ್ಲಿ ತೆಗೆದ ಫೋಟೊ ತೋರಿಸಿದಳು. ಅವನು ದೂರದಿಂದಲೇ ಕಣ್ಣು ಕಿರಿದು ಮಾಡಿದ.

"ಫೋನ್ನಾಗೆ ಇಲೀನೂ ಆನೆ ಥರ ಕಾಣ್ತದೆ ಕಣೇ, ಹೋಗು."

ಮಾರನೆಯ ದಿನ ಆಳಿನ ಕೈಲಿ ಒಂದು ನೀಲಗಿರಿ ಗಳ ಕಳಿಸಿದ. ರಿಪೇರಿ ಎಂದರೆ ಅಷ್ಟೇ. ಚೌಡಕ್ಕ ತಾನೇ ಅದನ್ನು ಮಣ್ಣುನೆಲದ ಮೇಲೆ ನಿಲ್ಲಿಸಿ ಬಿರುಕಿಗೆ ಆನಿಸಿದಳು.

ಮನೆ ನಡುವೆ ಕಂಬವೊಂದು ಬಂದದ್ದು ಅತ್ತೆ ನಾರಮ್ಮನಿಗೆ ಎಲ್ಲಿಲ್ಲದ ಖುಷಿ. ಕಲ್ಯಾಣದುರ್ಗದ ಕಡೆಯ ಸೆಟ್ಟೂರಿನಲ್ಲಿ, ಚಿಕ್ಕಂದಿನಿಂದ ಗುಡಿಸಲ ನಡುಗಂಬ ಹಿಡಿದೇ ಎದ್ದು ಕೂತ ಜೀವ ಅದು. ಈಗ ಕಣ್ಣೂ ಮಂಜು.

"ಇದೀಗ ಮನೆ ಅಂದ್ರೆ ಮನೆ ಕಣಮ್ಮಿ," ಎಂದು ಗಳವನ್ನು ಸವರುತ್ತಿದ್ದಳು.

"ಅದನ್ನ ಹಿಡೀಬ್ಯಾಡತ್ತೆ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಚೌಡಕ್ಕ ಕೂಲಿಗೆ ಹೊರಡುವ ಮುಂಚೆ ದಿನಾ ಹೇಳುತ್ತಿದ್ದಳು. ನಾರಮ್ಮ ಹೂಂ ಎನ್ನುತ್ತಿದ್ದಳು. ಆದರೆ ಎಪ್ಪತ್ತು ವರ್ಷ ಕಂಬ ಹಿಡಿದ ಕೈ ಸೊಸೆಯ ಮಾತು ಕೇಳುತ್ತದೆಯೇ?

ಒಂದು ದಿನ ಚೌಡಕ್ಕ ಮಂಡಿಯಲ್ಲಿ ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದಾಗ ಪಕ್ಕದ ಮನೆಯ ಬೀರಕ್ಕ ಓಡಿ ಬಂದಳು.

"ನಿಮ್ಮತ್ತೆ ಗಳ ಹಿಡ್ಕೊಂಡು ಏಳಾಕೋಗಿ... ಚಪ್ಪಡಿ ಬಿದ್ಬುಡ್ತು ಕಣಕ್ಕಾ!"

ಅರ್ಧ ಚಪ್ಪಡಿ ಮುದುಕಿಯ ಎದೆಯ ಮೇಲೆ ಬಿದ್ದಿತ್ತು. ಉಳಿದರ್ಧ ಮೇಲೆ ತೂಗುತ್ತಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗಮ್ಮ ಎಂದರು. ಇರುವುದೊಂದೇ ಕೋಣೆ. ಚೌಡಕ್ಕ ಗೋಡೆಯ ಪಕ್ಕಕ್ಕೆ ಮಂಚ ಎಳೆದು ಮಲಗಿಸಿದಳು.

ಅವತ್ತೇ ಮಧ್ಯಾಹ್ನ ಅಮರೇಶಪ್ಪ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಅದೇ ಬೇವಿನ ಮರದಡಿ ನಿಂತ.

"ಜೀವ ಇರೋವಾಗ್ಲೇ ಆಚಿಕ್ಕೆ ತಗೊಂಬನ್ನಿ. ಒಳಗೆ ಸತ್ರೆ ಮನೆಗೆ ಆರು ತಿಂಗ್ಳು ಬೀಗ ಹಾಕ್ಬೇಕು, ಶಾಂತಿ ಮಾಡಿಸ್ಬೇಕು. ಏಮೇ, ಚೆಪ್ಪೇದಿ ಅರ್ಥಂ ಕಾಲೇದಾ? ಹೇಳಿದ್ದು ತಿಳೀಲಿಲ್ವೇನೇ?"

ಆ ಬೀದಿಯ ಬಾಡಿಗೆ ಮನೆಗಳಲ್ಲಿ ಯಾರೂ ಒಳಗೆ ಸಾಯುವಂತಿರಲಿಲ್ಲ. ಎರಡು ವರ್ಷದ ಹಿಂದೆ ಚೌಡಕ್ಕ ಇದೇ ಮಾತು ಕೇಳಿ ಗಂಡ ಮುತ್ಯಾಲಪ್ಪನನ್ನು ಮಂಚದ ಸಮೇತ ಬೀದಿಗೆ ತಂದಿದ್ದಳು. ಬೇವಿನ ನೆರಳು ಸರಿದು ಬಿಸಿಲು ಕಣ್ಣಿಗೆ ಹೊಡೆದಾಗ, ಉಸಿರಾಡುತ್ತಿದ್ದವನ ಮುಖಕ್ಕೆ ಸೆರಗು ಮುಚ್ಚಿದ್ದಳು. "ಒಳಿಕ್ಕೆ ಹೋಗಾನ ಕಣೇ," ಎಂದಿದ್ದ ಅವನು. ಅದೇ ಕೊನೆಯ ಮಾತು.

ಆಳುಗಳು ಬಾಗಿಲ ಹತ್ತಿರ ಬಂದರು. ಚೌಡಕ್ಕ ಕೆಳಗೆ ಬಿದ್ದಿದ್ದ ಗಳವನ್ನೆತ್ತಿ ಬಾಗಿಲಿಗೆ ಅಡ್ಡ ಹಿಡಿದಳು.

"ನೀವ್ಯಾರೂ ಮುಟ್ಬ್ಯಾಡ್ರಪ್ಪ. ಅಮರೇಶಪ್ಪ, ನೀನು ಬಾ. ನಿನ್ನ ಮನೆ, ನೀನೇ ಬಂದು ಎತ್ಕೊಂಡೋಗು."

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಬೀರಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನಂದೆ ಬೋಸೂಡಿ?" ಅಮರೇಶಪ್ಪ ಸಿಟ್ಟಿನಲ್ಲಿ ನೆರಳು ಬಿಟ್ಟು ಬಂದ. ಹೊಸ್ತಿಲವರೆಗೆ ಬಂದವನು ಬಗ್ಗಿ ಒಳಗೆ ನೋಡಿದ. ಮುರಿದ ಅಂಚಿನಿಂದ ಮಣ್ಣು ಉದುರುತ್ತಿತ್ತು. ಚಪ್ಪಡಿ ಇದ್ದ ಕಡೆ ಆಕಾಶ ಕಾಣುತ್ತಿತ್ತು. ಅವನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"ಯಪ್ಪಾ! ಇದು ಬಿದ್ದೋಗ್ತದಲ್ಲೋ!"

"ಮೂರು ವರ್ಸದಿಂದ ನಾನು ಹೇಳ್ತಿದ್ದಿದ್ದೂ ಅದ್ನೇ," ಎಂದಳು ಚೌಡಕ್ಕ.

ಹಿಂದಿನಿಂದ ಬರುತ್ತಿದ್ದ ಅತ್ತೆಯ ಉಸಿರಿನ ಗೊರಗೊರ ಸದ್ದು ನಿಂತಿತ್ತು. ತಿರುಗಿ ನೋಡಿದಳು. ನಾರಮ್ಮನ ಒಂದು ಕೈ ಮಂಚದ ಕಾಲನ್ನು ಹಿಡಿದುಕೊಂಡೇ ಇತ್ತು.

ಚೌಡಕ್ಕ ಗಳವನ್ನು ಬಾಗಿಲಿಗೆ ಅಡ್ಡ ಇಟ್ಟು ಬಂದು, ತೂಗುವ ಚಪ್ಪಡಿಯ ಕೆಳಗೆ ಮಂಚದ ಮೇಲೆ ಕೂತಳು. ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸಾವು ಮನೆಯೊಳಗೇ ಆಯಿತೆಂದು ಇಡೀ ಬೀದಿಗೆ ಗೊತ್ತಾಗುವ ಹಾಗೆ ಗಂಟಲು ಬಿಚ್ಚಿ ಅತ್ತಳು. ಗಂಡ ಸತ್ತಾಗ ಅಳದೆ ಉಳಿಸಿಕೊಂಡಿದ್ದ ಅಳುವೂ ಅದರಲ್ಲಿತ್ತು.