ಉಚ್ಚಂಗಪ್ಪನ ಕಾಲು, ಸಾಹುಕಾರರ ಪೈಪು

ಪಂಚಾಕ್ಷರಪ್ಪ ಸಾಹುಕಾರರು ಆ ಮಾತನ್ನು ತಮ್ಮ ಮನೆಯಲ್ಲಿ ಆಡಿದ್ದರೆ ಡ್ರೈವರ್ ಉಚ್ಚಂಗಪ್ಪ ನುಂಗಿಕೊಳ್ಳುತ್ತಿದ್ದನೋ ಏನೋ. ಆಡಿದ್ದು ಶಿರಾಳಕೊಪ್ಪದ ಸಂತೆಯ ನಟ್ಟನಡುವೆ. ಹಮಾಲರು, ದಲ್ಲಾಳಿಗಳು, ಬೇರೆ ಲಾರಿಗಳ ಮಾಲೀಕರು ಎಲ್ಲರೂ ಅಲ್ಲೇ ನಿಂತಿದ್ದರು.

"ಉಚ್ಚಂಗಪ್ಪನ ಕಾಲು ಸತ್ತೈತೆ ಕಣ್ರಪ್ಪ. ಯಾವಾಗ ಕ್ಲಚ್ ಬಿಡ್ಬೇಕು, ಯಾವಾಗ ಎಕ್ಸಲೇಟರ್ ಒತ್ಬೇಕು ಅಂತ ಗೊತ್ತಾಗ್ತಿಲ್ಲ. ಸೋಮವಾರದಿಂದ ಲಾರಿ ಕೆಂಪಪ್ಪ ಓಡಿಸ್ತಾನೆ."

ಡ್ರೈವರನ ಕಾಲು ಸತ್ತಿದೆ ಎಂದು ಸಂತೆಯಲ್ಲಿ ಸಾರಿದ ಮೇಲೆ ಅವನಿಗೆ ಇನ್ನೇನು ಉಳಿಯಿತು? ಶಿಕಾರಿಪುರದಿಂದ ಸೊರಬದವರೆಗೆ ಯಾವ ಮಾಲೀಕನೂ ಅವನ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಮಿಲಿಟರಿ ಹರಾಜಿನಲ್ಲಿ ಬಂದ ಆ ಪೆಟ್ರೋಲ್ ಲಾರಿಯನ್ನು ಮೊದಲ ದಿನದಿಂದ ಓಡಿಸಿದವನು ಅವನು. ಅದರ ಒಂದೊಂದು ಕೆಮ್ಮೂ ಅವನಿಗೆ ಗೊತ್ತಿತ್ತು. ಮೈಯೆಲ್ಲ ಉರಿದುಹೋಯಿತು.

"ತಪ್ಪು ನನ್ನ ಕಾಲಿಂದಲ್ರೀ ಸಾವ್ಕಾರ್ರೆ, ನಿಮ್ಮ ಪೈಪಿಂದು," ಎಂದ. ಸಂತೆಗೆ ಸಂತೆಯೇ ನಕ್ಕಿತು.

ಪೈಪಿನ ಕಥೆ ಹೀಗೆ. ಸೊರಬದ ಹಮಾಲರಲ್ಲಿ ಒಂದು ಕಟ್ಟಳೆ ಇತ್ತು. ಯಾರ ಲಾರಿಯ ಸದ್ದು ಮೊದಲು ಕಿವಿಗೆ ಬಿತ್ತೋ ಅವರ ಮಾಲನ್ನು ಮೊದಲು ಇಳಿಸಬೇಕು. ಸಾಹುಕಾರರು ತಲೆ ಓಡಿಸಿದರು. ಎಂಜಿನ್ನಿನ ಹೊಗೆ ಹೊರಹೋಗುವ ಹಳೆಯ ಸಣ್ಣ ಪೈಪನ್ನೂ ಸೈಲೆನ್ಸರನ್ನೂ ಕಿತ್ತು ಬಿಸಾಡಿಸಿ, ಅಕ್ಕಿ ಗಿರಣಿಯ ನಾಲ್ಕಿಂಚಿನ ನೀರಿನ ಪೈಪನ್ನು ಕಾಳಾಚಾರಿಯ ಕುಲುಮೆಯಲ್ಲಿ ಕೂರಿಸಿದರು. ಅಂದಿನಿಂದ ಲಾರಿ ಹೊರಟರೆ ಮೂರು ಹಳ್ಳಿಯ ನಾಯಿಗಳು ಬೊಗಳುತ್ತಿದ್ದವು. ಇಷ್ಟು ಗರ್ಜಿಸುವ ಎಂಜಿನ್ನಿಗೆ ಎಷ್ಟು ಬಲ ಬಂದಿರಬೇಡ ಎಂದು ಊರು ಕೊಂಡಾಡಿತು. ಸಾಹುಕಾರರು ಮೀಸೆ ತಿರುವಿಕೊಂಡರು.

ಗರ್ಜಿಸಿತು, ನಿಜ. ಆದರೆ ಸೊರಬದ ದಾರಿಯಲ್ಲಿ ಕ್ಯಾಸನೂರಿನ ಕಾಡಂಚಿನ ಏರಿಗೆ ಬಂದರೆ ಮೂವತ್ತು ಚೀಲ ಜೋಳ ಹೊತ್ತ ಲಾರಿ ಅರ್ಧಕ್ಕೇ ಉಸಿರು ಬಿಡುತ್ತಿತ್ತು. ಮೂರು ವಾರದಲ್ಲಿ ಮೂರು ಸಲ ನಿಂತಿತು. ಹತ್ತು ಹತ್ತು ಚೀಲ ಇಳಿಸಿ ಹಮಾಲರು ತಲೆಯ ಮೇಲೆ ಹೊತ್ತು ಏರು ಹತ್ತಿಸಿದರು. ಆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ ಕಾಲ ಅದು, ಜನರಿಗೂ ಜ್ವರ ಹತ್ತಿತ್ತು. ಅಲ್ಲಿ ಕೆಳಗಿಳಿಯಲು ಹಮಾಲರು ಹೆದರುತ್ತಿದ್ದರು, ಇಳಿದಾಗಲೆಲ್ಲ ಡ್ರೈವರನ ವಂಶವನ್ನೇ ಬೈಯುತ್ತಿದ್ದರು.

ಸಂತೆಯಿಂದ ಉಚ್ಚಂಗಪ್ಪ ಸೀದಾ ಕುಲುಮೆಗೆ ಹೋದ. ಕಾಳಾಚಾರಿ ತಿದಿ ಒತ್ತುತ್ತಿದ್ದ, ಕೆಂಡ ಬೆಳ್ಳಗೆ ಉರಿಯುತ್ತಿತ್ತು. ಗಿರಣಿ ಪೈಪಿನ ಉಳಿದ ತುಂಡೊಂದು ಮೂಲೆಯಲ್ಲಿ ಬಿದ್ದಿತ್ತು. ಉಚ್ಚಂಗಪ್ಪ ಅದನ್ನೆತ್ತಿ ತಿದಿಯ ಸಣ್ಣ ಮೂತಿಗೆ ತೊಡಿಸಿ, ಸಂದಿಗೆ ಹಸಿ ಮಣ್ಣು ಮೆತ್ತಿದ.

"ಈಗ ಒತ್ತು ಆಚಾರಿ."

ಆಚಾರಿ ಒತ್ತಿದ. ಗಾಳಿ ಬಂತು, ಆದರೆ ಸೋಮಾರಿಯಾಗಿ ಬಂತು. ಕೆಂಡ ಮಂಕಾಯಿತು. ಕಾಳಾಚಾರಿಯ ಮುಖವೂ ಮಂಕಾಯಿತು, ಏಕೆಂದರೆ ಲಾರಿಗೆ ಆ ಪೈಪು ಕೂರಿಸಿದವನು ಅವನೇ.

"ಮೂವತ್ತು ವರ್ಷ ತಿದಿ ಒತ್ತಿದೀನಿ, ನಂಗೆ ಹೊಳೀಲಿಲ್ಲ ನೋಡು," ಎಂದು ತಲೆ ಕೆರೆದುಕೊಂಡ. ಗುಜರಿಯೊಳಗೆ ಹುಡುಕಿ, ಕೆಟ್ಟುಹೋದ ಯಾವುದೋ ಲಾರಿಯ ಎರಡಿಂಚಿನ ಪೈಪು ತೆಗೆದು, ತುದಿಗೆ ಎಂಜಿನ್ನಿಗೆ ಕೂರುವಂಥ ಪಟ್ಟಿ ಬಡಿದು ಕೊಟ್ಟ. "ತಗ, ಇದು ನಿಂದೇ."

ಉಚ್ಚಂಗಪ್ಪ ಪೈಪು ಹಿಡಿದು ಸಾಹುಕಾರರ ಅಂಗಡಿಗೆ ಹೋಗಿ ಬಿಡಿಸಿ ಹೇಳಿದ. ಏರಿನಲ್ಲಿ ಎಂಜಿನ್ ನಿಧಾನ ತಿರುಗುತ್ತದೆ, ಹೊಗೆ ಸ್ವಲ್ಪವೇ ಬರುತ್ತದೆ. ಸಣ್ಣ ಪೈಪಿನಲ್ಲಾದರೆ ಆ ಸ್ವಲ್ಪವೂ ಓಡುತ್ತದೆ, ಓಡುವ ಹೊಗೆ ಹಿಂದಿನದನ್ನೂ ಎಳೆದುಕೊಂಡು ಹೋಗುತ್ತದೆ. ದೊಡ್ಡ ಪೈಪಿನಲ್ಲಿ ಅದು ಸಂತೆ ಮುಗಿಸಿದವರ ಹಾಗೆ ಅಲ್ಲಲ್ಲೇ ನಿಂತು ಕಾಲ ಕಳೆಯುತ್ತದೆ. ಸುಟ್ಟ ಹೊಗೆ ಒಳಗೇ ಉಳಿದರೆ ಹೊಸ ಪೆಟ್ರೋಲಿಗೆ ಜಾಗವೆಲ್ಲಿ?

"ಮತ್ತೆ ಮೊನ್ನೆ ಶಿಕಾರಿಪುರದ ರಸ್ತೇಲಿ ಲಾರಿ ಗಾಳಿ ಹಂಗೆ ಹೋತಲ್ಲ?" ಎಂದರು ಸಾಹುಕಾರರು.

"ಖಾಲಿ ಲಾರಿ, ಸಪಾಟು ರಸ್ತೆ, ಎಂಜಿನ್ ಜೋರು ತಿರುಗ್ತಿತ್ತು. ಅಲ್ಲಿ ದೊಡ್ಡ ಪೈಪು ಚಲೋನೇ ರೀ. ನಮ್ಮ ಅನ್ನ ಇರೋದು ಏರಿನಾಗೆ."

"ಬಾಯಿ ದೊಡ್ಡದಾದ್ರೆ ಉಸಿರು ಸಲೀಸು ಅನ್ನೋದು ಎಮ್ಮೆಗೂ ಗೊತ್ತೈತೆ. ನೀ ನಂಗೆ ಪಾಠ ಹೇಳ್ಬೇಡ. ನನ್ನ ಲಾರಿ ಮುಟ್ಟಿದ್ರೆ ನೋಡು!"

ಸೋಮವಾರ ಬೆಳಿಗ್ಗೆ ಲಾರಿ ಹೊರಟಾಗ ಸ್ಟೇರಿಂಗಿನಲ್ಲಿ ಕೆಂಪಪ್ಪ, ಪಕ್ಕದಲ್ಲಿ ಸಾಹುಕಾರರು, ಹಿಂದೆ ಆರು ಜನ ಹಮಾಲರು. ಉಚ್ಚಂಗಪ್ಪನನ್ನು ಯಾರೂ ಕರೆದಿರಲಿಲ್ಲ. ಅವನು ಹಗ್ಗ ಹಿಡಿದು ಹತ್ತಿ, ಚೀಲಗಳ ಮೇಲೆ ಎರಡಿಂಚಿನ ಪೈಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

"ಇಳಿಯೋ ಕೆಳಗೆ!" ಎಂದು ಸಾಹುಕಾರರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂಗಿದರು.

"ಇಳಿಸ್ರಿ ನೋಡಾನ," ಎಂದ ಉಚ್ಚಂಗಪ್ಪ. ಇಳಿಸಲು ಯಾವ ಹಮಾಲನೂ ಮುಂದೆ ಬರಲಿಲ್ಲ.

ಕೆಂಪಪ್ಪ ಕೆಟ್ಟ ಡ್ರೈವರನಲ್ಲ. ಮೂವತ್ತರ ಆಳು, ಕಾಲಿನಲ್ಲಿ ಕಸುವಿತ್ತು. ಆದರೂ ಕಾಡಂಚಿನ ಏರಿನಲ್ಲಿ, ಅದೇ ಜಾಗದಲ್ಲಿ, ಒಂದನೇ ಗೇರಿನಲ್ಲಿ ಲಾರಿ ಗರ್ಜಿಸುತ್ತ ಗರ್ಜಿಸುತ್ತ ಸೋತು ನಿಂತುಬಿಟ್ಟಿತು. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಸತ್ತಿತು. ಮೂರನೆಯ ಸಲ ಹಿಂದಕ್ಕೇ ಜಾರಿತು. ಹಮಾಲರು ಗಾಲಿಗೆ ಕಲ್ಲು ಕೊಟ್ಟು, ಗೊಣಗುತ್ತ ಹಗ್ಗ ಬಿಚ್ಚಲು ಹೊರಟರು.

"ಒಂದು ಚೀಲ ಮುಟ್ಟೀರಿ, ಜೋಕೆ!" ಉಚ್ಚಂಗಪ್ಪ ಮೇಲಿನಿಂದ ಹಾರಿದ.

ಅವನು ಲಾರಿಯ ಅಡಿಗೆ ತೂರಿದ. ಸಾಹುಕಾರರು ಬೈದರು, ಪೊಲೀಸರ ಹೆಸರು ಹೇಳಿದರು, ಕೊನೆಗೆ ಅವನ ಕಾಲು ಹಿಡಿದು ಎಳೆಯಲೂ ನೋಡಿದರು. ಅವನು ಜಾಡಿಸಿದ ರಭಸಕ್ಕೆ ಧೂಳಿನಲ್ಲಿ ಕುಳಿತುಬಿಟ್ಟರು. ಪೈಪು ಕಾದು ಸುಡುತ್ತಿತ್ತು. ನೆನೆಸಿದ ಗೋಣಿ ಸುತ್ತಿಕೊಂಡರೂ ಅಂಗೈ ಚುರುಗುಟ್ಟಿತು. ಹಲ್ಲು ಕಚ್ಚಿ ಬೋಲ್ಟು ಬಿಚ್ಚಿದ. ನಾಲ್ಕಿಂಚಿನ ಪೈಪು ಇಳಿಜಾರಿನಲ್ಲಿ ಉರುಳಿ ಚರಂಡಿಗೆ ಬಿತ್ತು. ಸಣ್ಣ ಪೈಪು ಕೂರಿಸಿ ಹೊರಗೆ ಬಂದಾಗ ಅವನ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಕೆಂಪಪ್ಪ ಸೀಟು ಬಿಟ್ಟುಕೊಟ್ಟ. ಉಚ್ಚಂಗಪ್ಪ ಕೂತ. ಸುಟ್ಟ ಕೈಯಲ್ಲೇ ಸ್ಟೇರಿಂಗ್ ಹಿಡಿದು, ಕಲ್ಲು ತೆಗೆಯಿರೆಂದು ಕೂಗಿ, ಸತ್ತ ಕಾಲೆಂದು ಹೆಸರಾದ ಆ ಕಾಲಿನಿಂದ ಕ್ಲಚ್ಚನ್ನು ಮೆಲ್ಲಗೆ ಬಿಟ್ಟ. ಎಂಜಿನ್ ಕೂಗಾಡಲಿಲ್ಲ. ಹೊಟ್ಟೆಯೊಳಗಿಂದ ಒಂದೇ ಸಮನೆ ದಮ್ಮು ಕಟ್ಟಿ ಎಳೆಯಿತು. ಮೂವತ್ತು ಚೀಲಕ್ಕೆ ಮೂವತ್ತೂ ಇದ್ದಂತೆಯೇ ಲಾರಿ ಏರಿನ ತಲೆ ಮುಟ್ಟಿತು. ಹಮಾಲರು ಹೋ ಎಂದು ಹಿಂದೆ ಓಡಿದರು. ಉಚ್ಚಂಗಪ್ಪನಿಗೆ ಅಳು ಬಂದಿತ್ತು, ಆದರೆ ಅಳಲಿಲ್ಲ.

ಸಾಹುಕಾರರು ಏದುಸಿರು ಬಿಡುತ್ತ ನಡೆದು ಬಂದರು. ಪಂಚೆಯ ಧೂಳು ಕೊಡವಿದರು. ಸೋತವರ ಮುಖವನ್ನು ಅವರು ಯಾರಿಗೂ ತೋರಿಸಿದವರಲ್ಲ.

"ಸರಿ, ಏರು ಮುಗೀತಲ್ಲ. ಕೆಂಪಪ್ಪ, ಹತ್ತು. ಹೊತ್ತಾತು."

ಕೆಂಪಪ್ಪ ನಿಂತಲ್ಲೇ ನಿಂತ. ಉಚ್ಚಂಗಪ್ಪ ಇಳಿದು ಸ್ಪಾನರು ಎತ್ತಿಕೊಂಡು ಮತ್ತೆ ಲಾರಿಯ ಅಡಿಗೆ ಬಗ್ಗಿದ.

"ಏನು ಮಾಡ್ತೀಯೋ?"

"ಪೈಪು ನಂದು ರೀ. ಬಿಚ್ಕಂಡು ಮನೀಗೆ ಹೋಗ್ತೀನಿ. ನಿಮ್ದು ಕೆಳಗೆ ಚರಂಡಿಯಾಗೆ ಐತೆ, ಹೊತ್ತು ತಂದು ಹಾಕ್ಸಿಕೊಳ್ರಿ. ಸೊರಬ ಮುಟ್ಟೋಕೆ ಇನ್ನೂ ಎರಡು ಏರು ಅವೆ."

ಸಾಹುಕಾರರು ಚರಂಡಿಯ ಕಡೆ ನೋಡಿದರು. ಕಾಡಿನ ಕಡೆ ನೋಡಿದರು. ಹಮಾಲರು ಅವರನ್ನೇ ನೋಡುತ್ತಿದ್ದರು.

"ಏನ್ ಬೇಕು ನಿಂಗೆ?"

"ಮಾತು ಬೇಕು. ನೂರು ಜನದ ಮುಂದೆ ನನ್ನ ಕಾಲು ಕಡಿದ್ರಿ. ಇವರ ಮುಂದಾದ್ರೂ ವಾಪಸ್ ಕೊಡ್ರಿ."

ಸಾಹುಕಾರರು ನೆಲ ನೋಡುತ್ತ, "ಉಚ್ಚಂಗಪ್ಪನ ಕಾಲು ನೆಟ್ಟಗೈತೆ. ತಪ್ಪು ನಂದೇ," ಎಂದರು.

"ಹಿಂದಿದ್ದೋರಿಗೆ ಕೇಳ್ಲಿಲ್ಲ ರೀ."

ಸಾಹುಕಾರರು ತಲೆಯೆತ್ತಿ ಗಟ್ಟಿಯಾಗಿ ಇನ್ನೊಂದು ಸಲ ಹೇಳಿದರು.

ಉಚ್ಚಂಗಪ್ಪ ಸ್ಪಾನರು ಕೆಳಗಿಟ್ಟು ಎದ್ದ. ಬೊಬ್ಬೆ ಎದ್ದ ಅಂಗೈಗೆ ಉಫ್ ಎಂದು ಊದಿಕೊಂಡ. "ಕೆಂಪಪ್ಪ, ಇವತ್ತು ನೀ ಓಡ್ಸು. ನಾ ಪಕ್ಕದಾಗೆ ಕುಂತು ಹೇಳ್ತೀನಿ."

ಸಾಹುಕಾರರಿಗೆ ತಲೆಬುಡ ತಿಳಿಯಲಿಲ್ಲ. "ನಾನೂ ಅದನ್ನೇ ಅಂದೆನಲ್ಲೋ! ಕೆಂಪಪ್ಪ ಓಡಿಸ್ಲಿ ಅಂತ!"

"ನೀವು ಅಂದ್ರೆ ಬೇರೆ, ನಾ ಅಂದ್ರೆ ಬೇರೆ. ಸೀಟು ನಂದು. ಯಾರನ್ನ ಕೂರಿಸ್ಬೇಕು ಅನ್ನೋದೂ ನಂದು."

"ಮತ್ತೆ ನಾನೆಲ್ಲಿ ಕೂರ್ಲಿ?"

ಉಚ್ಚಂಗಪ್ಪ ಕ್ಯಾಬಿನ್ನಿನ ಬಾಗಿಲು ಎಳೆದುಕೊಂಡ. "ಮೇಲೆ ಜಾಗ ಐತ್ರಿ."

ಸಾಹುಕಾರರು ಪಂಚೆ ಎತ್ತಿ ಕಟ್ಟಿದರು. ಇಬ್ಬರು ಹಮಾಲರು ಕೈ ಕೊಟ್ಟು ಅವರನ್ನು ಜೋಳದ ಚೀಲಗಳ ಮೇಲೆ ಹತ್ತಿಸಿದರು.