ಮಾತಾಜಿ ಕೊಟ್ಟ ನೇಮ

ದೀಪಾವಳಿಯ ನಸುಕಿನಲ್ಲಿ ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಸುಗಂಧಾಕ್ಕನಿಗೆ ಎಣ್ಣೆ ತಿಕ್ಕುತ್ತಿದ್ದೆ. ಎಡ ಎದೆಯ ಪಕ್ಕ ಅಡಿಕೆಯಷ್ಟು ಗಟ್ಟಿಯಾದದ್ದೊಂದು ಬೆರಳಿಗೆ ಹತ್ತಿತು.

"ಯಾವಾಗಿಂದ ಐತಿ ಇದು?"

"ಶ್ರಾವಣದಿಂದ. ಸುಮ್ನ ತಿಕ್ಕು."

ಅರವತ್ತು ದಾಟಿದ ಹೆಂಗಸು, ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳು! ನನಗೆ ಪಿತ್ತ ನೆತ್ತಿಗೇರಿತು. ಬೈದೆ, ಬೇಕಾದಷ್ಟು ಬೈದೆ.

"ಕ್ಯಾನ್ಸರ್ ಇರಬೇಕು. ನಮ್ಮ ಓಣಿ ತಾರಾಬಾಯಿ ಇದರಾಗ ಹೋಗಲಿಲ್ಲೇನ? ಕೊಯ್ಸಿಕೊಂಡು ನರಳೂದಕ್ಕಿಂತ ಸಲ್ಲೇಖನ ತಗೊಂಡು ಶಾಂತ ಹೊಕ್ಕೀನಿ," ಎಂದಳು.

ಉಪವಾಸವಿದ್ದು ದೇಹ ಬಿಡುವ ವ್ರತ ಅದು. ನಮ್ಮ ಜೈನರಲ್ಲಿ ಅದನ್ನು ಹಿಡಿದವರ ಕಾಲಿಗೆ ಊರೇ ಬೀಳುತ್ತದೆ. ಬಿದ್ದರೆ ಬೀಳಲಿ, ನನಗೆ ನನ್ನ ಅಕ್ಕ ಬೇಕಿತ್ತು.

ಆ ವರ್ಷ, ೧೯೯೧ರಲ್ಲಿ, ಕಾಗವಾಡದ ಬಸದಿಯಲ್ಲಿ ಚಾತುರ್ಮಾಸಕ್ಕೆ ಜೈನ ಸನ್ಯಾಸಿನಿ, ಮಾತಾಜಿ ಒಬ್ಬರು ಬಂದಿದ್ದರು. ಅಕ್ಕ ಅವರ ಮುಂದೆ ಕೈಮುಗಿದು ವ್ರತ ಕೇಳಿದಳು. ಅವರು ಹೂಂ ಎಂದರೆ ಮುಗಿಯಿತು!

"ಡಾಕ್ಟರ್ ಏನಂದ್ರವಾ?" ಮಾತಾಜಿ ಕೇಳಿದರು.

"ತೋರ್ಸಿಲ್ರಿ."

"ಮತ್ತ ಔಷಧ ಇಲ್ಲಂತ ಯಾರ್ ಹೇಳಿದ್ರು? ವಾಸಿ ಆಗೂ ಬ್ಯಾನಿಗೆ ಸಲ್ಲೇಖನ ಇಲ್ಲ. ಬ್ಯಾರೆ ನೇಮ ಕೊಡ್ತೀನಿ, ತಗೋ. ಡಾಕ್ಟರಿಗೆ ತೋರ್ಸಿ, ಅವರು ಹೇಳಿದ್ದು ಮಾಡೂತನಕ ಚಹಾ ಮುಟ್ಟಬ್ಯಾಡ."

ಚಹಾ! ಅದಿಲ್ಲದೆ ಕಣ್ಣೇ ಬಿಡದವಳು ನಮ್ಮಕ್ಕ. ಕೊಟ್ಟ ನೇಮ ಮೀರುವ ಹಾಗೂ ಇಲ್ಲ. ಮರುದಿನ ತಲೆ ಹಿಡಿದುಕೊಂಡು ತಾನೇ ಮಿರಜದ ದವಾಖಾನೆಗೆ ಬಸ್ಸು ಹತ್ತಿದಳು. ನಾನು ಹಿಂದೆ ಓಡಿದೆ.

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಎದೆ ತೆಗೆಯಬೇಕು ಎಂದರು. ಇಬ್ಬರೂ ತಬ್ಬಿಕೊಂಡು ಅತ್ತೆವು. ಅಕ್ಕ ಕಣ್ಣೊರೆಸಿಕೊಂಡು, "ತಗೀರಿ," ಎಂದಳು. ಆಪರೇಷನ್ ಆಗಿ ಎಚ್ಚರಾದೊಡನೆ ಕೇಳಿದ್ದು ಚಹಾ.

ವಾರದ ಮೇಲೆ ಡಾಕ್ಟರಬಾಯಿ ನಗುತ್ತಾ ಬಂದರು. "ಬಗಲಿಗೆ ಹಬ್ಬಿಲ್ರಿ. ಲಗೂನ ಬಂದೀರಿ. ಗುಳಿಗಿ ತಪ್ಪಿಸಬ್ಯಾಡ್ರಿ, ತೋರ್ಸಕೋಂತ ಇರ್ರಿ."

ಅಯ್ಯೋ, ನನ್ನ ಆನಂದ! ವಾರ್ಡಿನ ನಡುವೆಯೇ ಕುಣಿದೆ. ನರ್ಸ್ ಗದರಿದಳು, ಗದರಲಿ.

"ಬಾಯಾರ," ಅಕ್ಕ ಹಾಸಿಗೆಯಿಂದಲೇ ಕರೆದಳು, "ಈಕಿಗೂ ವಯಸ್ಸಾಗೇತಿ. ಈಕಿ ಎದಿನೂ ನೋಡ್ರಿ."

ನನ್ನ ಕುಣಿತ ನಿಂತೇಹೋಯಿತು. ಅಷ್ಟು ದಿನ ಗಂಟಲು ಹರಿಯುವಂತೆ ಬೈದವಳು ನಾನು, ಈಗ ಅಕ್ಕನ ಮಂಚದ ಮರೆಗೆ ಸರಿದೆ. "ನನಗೇನಾಗೇತಿ? ನಾ ಗಟ್ಟಿ ಅದೀನಿ!" ಎಂದೆ.

ಅಕ್ಕ ಬಲಗೈಯಿಂದ ನನ್ನ ಸೆರಗು ಹಿಡಿದಳು. "ಅಂಜಿಕಿ ಬಂತೇನ? ಬರ್ಲಿ. ನಾನೂ ಅಂಜೇ ಸಾಯಾಕ ಹೊಂಟಿದ್ದೆ, ರಾಜಮತಿ."

ನಾನು ಡಾಕ್ಟರಬಾಯಿಯ ಹಿಂದೆ ಪರದೆಯೊಳಗೆ ಹೋದೆ.