ಸದ್ದಿಲ್ಲದ ರಾಮೆನ್

ಗ್ರಂಥಪಾಲಕಿಯ ಕಾಲು ಬೆಳಗ್ಗಿನಿಂದ ನೆಲದ ಮೇಲೆ ನಿಂತಿರಲಿಲ್ಲ. ತಮ್ಮನ ಹೊಸ ಜಪಾನಿ ರಾಮೆನ್ ಅಂಗಡಿ ಊರಿಗೆಲ್ಲ ತೆರೆಯುವುದು ನಾಳೆ. ಇವತ್ತು ಅಕ್ಕನಿಗೂ ಅವಳ ಗೆಳತಿಯರಿಗೂ ಮಾತ್ರ. "ನಿಮಗೆ ಹಿಡಿಸದಿದ್ರೆ ನಾಳೆ ಬಾಗಿಲೇ ತೆಗೆಯಲ್ಲ, ಫ್ರಿಜ್ ಮಾರೋ ಕೆಲಸಕ್ಕೇ ವಾಪಸ್ ಹೋಗ್ತೀನಿ" ಎಂದಿದ್ದ. ಮಹಾ ಪುಕ್ಕಲ, ಹೇಳಿದಂತೆ ಮಾಡಿಬಿಡುವವನೇ.

ಸಂಜೆ ಲೈಬ್ರರಿಗೆ ಬೀಗ ಹಾಕಿದ್ದೇ ತಡ, ಅವಳು ಜೊತೆಗೆ ಕೆಲಸ ಮಾಡುವ ಇಬ್ಬರನ್ನೂ ಎಳೆದುಕೊಂಡು ಬಂದಳು. ಒಬ್ಬಳು ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಇನ್ನೊಬ್ಬಳು ಓದುವ ಕೋಣೆ ನೋಡಿಕೊಳ್ಳುವ 'ದೊಡ್ಡಮ್ಮ'. ಅವಳು ಯಾರಿಗೂ ದೊಡ್ಡಮ್ಮನಲ್ಲ, ಗದರುವ ವರಸೆಗೆ ಅಂಟಿಕೊಂಡ ಹೆಸರು ಅದು.

ಬಾಗಿಲು ದೂಡಿದರೆ ಸಾರಿನ ಘಮ ಮೂಗಿಗೆ ಬಡಿಯಿತು. ಹೊಸ ಮರದ ಉದ್ದನೆಯ ಕಟ್ಟೆ, ಮುಂದೆ ಎತ್ತರದ ಸ್ಟೂಲುಗಳು. ಕಟ್ಟೆಯಾಚೆ ಒಲೆ. ತಮ್ಮ ಅವರ ಮುಂದೆ ಮೂರು ದೊಡ್ಡ ಬಟ್ಟಲುಗಳನ್ನು ಇಟ್ಟವನೇ ಬೆನ್ನು ತಿರುಗಿಸಿ ನಿಂತ. ಸಾರಿನ ಮೇಲೆ ಅರೆಬೆಂದ ಮೊಟ್ಟೆ, ಈರುಳ್ಳಿ ಸೊಪ್ಪು, ಕೆಳಗೆ ನುಣುಪಾದ ನೂಡಲ್ಸ್. ಮೂವರ ಬಾಯಲ್ಲೂ ನೀರೂರಿತು.

ಗೆಳತಿಯರು ತಿನ್ನತೊಡಗಿದರು. ಜೋಡಿ ಕಡ್ಡಿಯಲ್ಲಿ ನಾಲ್ಕೇ ಎಳೆ ಎತ್ತಿ, ತುಟಿಯೊಳಗೆ ಸೇರಿಸಿ, ಬಾಯಿ ಮುಚ್ಚಿ ಅಗಿದರು. ಚಮಚ ಬಟ್ಟಲಿಗೆ ತಾಗದಂತೆ ಸಾರು ಕುಡಿದರು. ಗ್ರಂಥಪಾಲಕಿ ಮಾತ್ರ ತಿನ್ನುವುದನ್ನು ಬಿಟ್ಟು ತಮ್ಮನ ಬೆನ್ನನ್ನೇ ನೋಡುತ್ತಿದ್ದಳು. ಅವನ ಭುಜ ಇಳಿಯುತ್ತಿತ್ತು.

ಅವಳು ಸ್ಟೂಲಿನಿಂದ ಇಳಿದಳು. ಕಟ್ಟೆಯ ಪಕ್ಕದಿಂದ ಒಳಗೆ ನುಗ್ಗಿದಳು. "ಏನಾಯ್ತೋ?" ಎಂದು ಪಿಸುಗುಟ್ಟಿದಳು. ಅವನೂ ಪಿಸುದನಿಯಲ್ಲೇ ಹೇಳಿದ:

"ಸದ್ದೇ ಇಲ್ವಲ್ಲ ಅಕ್ಕ. ಚೆನ್ನಾಗಿದ್ಯಾ ಅಂತ ಕೇಳಬೇಡ, ತಿರುಗಿ ನಿಂತು ಕೇಳಿಸ್ಕೋ ಅಂತಿದ್ರು ರಾಮೆನ್ ಮಾಡೋದು ಕಲಿಸಿದವರು. ರುಚಿಯಾಗಿದ್ರೆ ಸೊರ್ ಸೊರ್ ಅಂತ ಎಳೀತಾರಂತೆ."

"ಅಯ್ಯೋ ಮಂಕೇ, ನಾವು ಲೈಬ್ರರಿಯವರು ಕಣೋ. ಉಸಿರಾಡೋಕೂ ಅಂಜೋರು."

"ಸಮಾಧಾನಕ್ಕೆ ಹೇಳ್ಬೇಡ. ಅವರಿಗೂ ಹೇಳ್ಕೊಡಬೇಡ, ನನ್ನಾಣೆ."

ಆಣೆ ಹಾಕಿ ಬಾಯಿ ಕಟ್ಟಿಬಿಟ್ಟ. ಅವಳು ಸ್ಟೂಲಿಗೆ ಮರಳಿದಳು. ಪಕ್ಕದಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿ ಸವಿಯುತ್ತಿದ್ದಳು, ಆದರೂ ಒಂದಿಷ್ಟೂ ಸದ್ದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಗ್ರಂಥಪಾಲಕಿಗೆ ಅಳು ಬರುವಂತಾಯಿತು. ಅಳುವ ಬದಲು, ಹಸಿವೂ ಆಗಿತ್ತಲ್ಲ, ಬಟ್ಟಲಿಗೆ ಬಗ್ಗಿ ಒಂದು ತುತ್ತು ಬಾಯಿಗಿಟ್ಟಳು.

ಒಂದು ಕ್ಷಣ ತಮ್ಮ, ಆಣೆ, ನಾಳೆ ಎಲ್ಲವೂ ಮರೆತುಹೋಯಿತು. ಇಷ್ಟು ರುಚಿಯನ್ನು ಈ ಪೆದ್ದ ಎಲ್ಲಿ ಬಚ್ಚಿಟ್ಟಿದ್ದ? ತುಟಿಯಿಂದ ಜೋತ ಎಳೆಗಳನ್ನು ಕಡಿಯಲೂ ವ್ಯವಧಾನವಿಲ್ಲದೆ ಸೊರ್ರ್ ಎಂದು ಎಳೆದಳು. ಸಾರು ಮೂಗಿಗೆ ಸಿಡಿಯಿತು.

ದೊಡ್ಡಮ್ಮ ಕಣ್ಣು ತೆರೆದಳು. ಗದರಲು ಬಾಯಿ ತೆರೆದವಳು ಮನಸ್ಸು ಬದಲಿಸಿ, ಬಟ್ಟಲನ್ನೇ ಎರಡೂ ಕೈಯಲ್ಲಿ ಎತ್ತಿ ತುಟಿಗಿಟ್ಟಳು. ಆಮೇಲೆ ಅಲ್ಲಿ ಎದ್ದ ಸದ್ದು ಬೀದಿಗೂ ಕೇಳಿಸಿರಬೇಕು. ರಟ್ಟು ಕಟ್ಟುವವಳು ನಗುತ್ತ, ಕೆಮ್ಮುತ್ತ, ಸೊರ್ ಸೊರ್ ಎಂದು ಇಬ್ಬರನ್ನೂ ಮೀರಿಸಿದಳು.

ತಮ್ಮ ಬೆನ್ನು ತಿರುಗಿಸಿಯೇ ನಿಂತು ಎಲ್ಲ ಕೇಳಿಸಿಕೊಂಡ. ಕೊನೆಗೆ ತೋಳಿನಿಂದ ಕಣ್ಣೊರೆಸಿಕೊಂಡು ಕೇಳಿದ: "ಅಕ್ಕ, ನಾಳೆ ರಜಾ ಹಾಕ್ತೀಯಾ? ಅಷ್ಟು ಜನ ಬಂದ್ರೆ ನನ್ನೊಬ್ಬನ ಕೈಲಿ ಆಗಲ್ಲ."